ಹೊಗೆ ಇದ್ದರೆ ಬೆಂಕಿ ಇದೆ. ಬೆಂಕಿ ಇದ್ದರೆ ಹೊಗೆ ಇರಲೇಬೇಕಾ?

ಮೇಜಿನ ಮೇಲೆ ನಾಲ್ಕು ಕಾರ್ಡುಗಳಿವೆ. ಪ್ರತಿ ಕಾರ್ಡಿನ ಒಂದು ಮುಖದಲ್ಲಿ ಅಕ್ಷರ, ಇನ್ನೊಂದು ಮುಖದಲ್ಲಿ ಅಂಕಿ. ನಿಮಗೆ ಕಾಣುತ್ತಿರುವುದು ಮೇಲಿನ ಮುಖ ಮಾತ್ರ: ಅ, ಕ, 4, 7.

ಈಗ ಒಂದು ಮಾತು: "ಒಂದು ಮುಖದಲ್ಲಿ ಸ್ವರ ಇದ್ದರೆ ಇನ್ನೊಂದು ಮುಖದಲ್ಲಿ ಸಮಸಂಖ್ಯೆ ಇರುತ್ತದೆ." ಈ ನಾಲ್ಕು ಕಾರ್ಡುಗಳ ಮಟ್ಟಿಗೆ ಇದು ನಿಜವೋ ಸುಳ್ಳೋ ಪರೀಕ್ಷಿಸಬೇಕು. ಯಾವ ಯಾವ ಕಾರ್ಡನ್ನು ತಿರುಗಿಸಿ ನೋಡಲೇಬೇಕು? ಬೇಡದ ಕಾರ್ಡನ್ನು ಸುಮ್ನೆ ತಿರುಗಿಸುವ ಹಾಗಿಲ್ಲ.

ಮುಂದೆ ಓದುವ ಮೊದಲು ಉತ್ತರವನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಿ.

ತುಂಬಾ ಜನ "ಅ ಮತ್ತು 4" ಅನ್ನುತ್ತಾರೆ. ಇನ್ನು ಕೆಲವರು "ಅ ಒಂದೇ ಸಾಕು" ಅನ್ನುತ್ತಾರೆ. ಎರಡೂ ತಪ್ಪು. ಸರಿಯಾದ ಉತ್ತರ ಅ ಮತ್ತು 7.

ಈ ಒಗಟನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮೊದಲು ಕಟ್ಟಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್. ಅದು 1966ರಲ್ಲಿ ಪ್ರಕಟವಾಯಿತು. 1970ರಲ್ಲಿ ಅವರು ಫಿಲಿಪ್ ಜಾನ್ಸನ್-ಲೇರ್ಡ್ ಜೊತೆ ಸೇರಿ 128 ಜನರ ಉತ್ತರಗಳನ್ನು ಒಟ್ಟು ಹಾಕಿದರು. ಪೂರ್ತಿ ಸರಿ ಉತ್ತರ ಕೊಟ್ಟವರು 5 ಜನ. 59 ಜನ ನಮ್ಮ "ಅ ಮತ್ತು 4"ಕ್ಕೆ ಸಮನಾದ ಜೋಡಿಯನ್ನೇ ಆರಿಸಿದ್ದರು. ಅವರು ದಡ್ಡರಲ್ಲ, ಕಾಲೇಜು ಓದಿದವರು. ಆದ್ದರಿಂದ ನೀವೂ 4 ಅಂದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಜೊತೆಗೆ ಬೇಕಾದಷ್ಟು ಜನ ಇದ್ದಾರೆ.

ಇಂಥ ಪ್ರಶ್ನೆಗಳು ಈಗ ಬರೀ ಮನರಂಜನೆಯಾಗಿ ಉಳಿದಿಲ್ಲ. ಯುಪಿಎಸ್‌ಸಿ ಪ್ರಿಲಿಮ್ಸ್‌ಗೆ 2011ರಲ್ಲಿ ಸಿಸ್ಯಾಟ್ ಪತ್ರಿಕೆ ಬಂತು. ಅದರ ಪಠ್ಯಕ್ರಮದಲ್ಲಿ ತಾರ್ಕಿಕ ಸಾಮರ್ಥ್ಯ ಇದೆ. ಬ್ಯಾಂಕ್ ಪರೀಕ್ಷೆಗಳಲ್ಲಿ "ಹೇಳಿಕೆ ಮತ್ತು ತೀರ್ಮಾನ" ಇದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಸೇರಲು ಬರೆಯುವ ಕ್ಲ್ಯಾಟ್‌ನಲ್ಲೂ ತರ್ಕದ ವಿಭಾಗವಿದೆ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮ್ ಮಾಡಿಕೊಂಡು ಓದುವ ಹುಡುಗರು ಚರಿತ್ರೆ, ಭೂಗೋಳ ಬಾಯಿಪಾಠ ಮಾಡಿಬಿಡುತ್ತಾರೆ. ಆದರೆ ಬಾಯಿಪಾಠ ಇಲ್ಲಿ ನಡೆಯುವುದಿಲ್ಲ. ಸರಿ, ಬುಡದಿಂದಲೇ ನೋಡೋಣ.

ಒಂದೇ ಒಂದು ಸಂದರ್ಭದಲ್ಲಿ ಸುಳ್ಳು

"ಹೀಗಾದರೆ ಹಾಗೆ" ಎಂಬ ಮಾತಿಗೆ ಎರಡು ಭಾಗ. "ಹೀಗಾದರೆ" ಎಂಬುದನ್ನು ಷರತ್ತು ಅನ್ನೋಣ. "ಹಾಗೆ" ಎಂಬುದನ್ನು ಫಲ ಅನ್ನೋಣ. ತರ್ಕದ ಪುಸ್ತಕಗಳಲ್ಲಿ ಇವಕ್ಕೆ ಭಾರವಾದ ಹೆಸರುಗಳಿವೆ, ನಮಗೆ ಇಷ್ಟು ಸಾಕು.

ಇಂಥ ಮಾತು ಯಾವಾಗ ಸುಳ್ಳಾಗುತ್ತದೆ? ಷರತ್ತು ನಡೆದು, ಫಲ ಬಾರದಿದ್ದಾಗ ಮಾತ್ರ. ಬೇರೆ ಯಾವ ಸಂದರ್ಭದಲ್ಲೂ ಅದು ಸುಳ್ಳಲ್ಲ. ಇಡೀ ವಿಷಯ ನಿಂತಿರುವುದು ಈ ಒಂದು ಮಾತಿನ ಮೇಲೆ.

ಈಗ ಕಾರ್ಡುಗಳಿಗೆ ಬನ್ನಿ. ನಿಯಮ ಮುರಿಯಬೇಕಾದರೆ ಒಂದು ಕಾರ್ಡಿನಲ್ಲಿ ಸ್ವರವೂ ಇರಬೇಕು, ಬೆಸಸಂಖ್ಯೆಯೂ ಇರಬೇಕು. ಅಂಥ ಕಾರ್ಡು ಯಾವುದಿರಬಹುದು?

ಅ: ಹಿಂದೆ ಬೆಸಸಂಖ್ಯೆ ಇರಬಹುದು. ಇದ್ದರೆ ನಿಯಮ ಮುರಿಯಿತು. ತಿರುಗಿಸಿ.

ಕ: ಇದು ವ್ಯಂಜನ. ನಿಯಮ ವ್ಯಂಜನದ ಬಗ್ಗೆ ಏನೂ ಹೇಳಿಲ್ಲ. ಹಿಂದೆ ಏನಿದ್ದರೇನು, ಬಿಡಿ.

4: ಇಲ್ಲೇ ಎಲ್ಲರೂ ಎಡವುವುದು. ತಿರುಗಿಸಿದಾಗ ಸ್ವರ ಸಿಕ್ಕರೆ ಒಳ್ಳೆಯದು. ವ್ಯಂಜನ ಸಿಕ್ಕರೆ? ಆಗಲೂ ತೊಂದರೆಯಿಲ್ಲ. ಸ್ವರ ಇದ್ದರೆ ಸಮಸಂಖ್ಯೆ ಅಂತ ಹೇಳಿದ್ದಾರೆಯೇ ಹೊರತು, ಸಮಸಂಖ್ಯೆ ಇದ್ದರೆ ಸ್ವರ ಅಂತ ಯಾರೂ ಹೇಳಿಲ್ಲ. ಏನೇ ಸಿಕ್ಕರೂ ನಿಯಮ ಮುರಿಯುವುದಿಲ್ಲ ಅಂದಮೇಲೆ ತಿರುಗಿಸಿ ಏನು ಪ್ರಯೋಜನ?

7: ಹಿಂದೆ ಸ್ವರ ಇದ್ದರೆ ನಿಯಮ ಅಲ್ಲಿಗೇ ಮುಗಿಯಿತು. ತಿರುಗಿಸಲೇಬೇಕು.

ನಿಯಮವನ್ನು ಪರೀಕ್ಷಿಸುವುದು ಅಂದರೆ ಅದಕ್ಕೆ ಹೊಂದುವ ಉದಾಹರಣೆ ಹುಡುಕುವುದಲ್ಲ, ಅದನ್ನು ಮುರಿಯಬಲ್ಲ ಉದಾಹರಣೆ ಹುಡುಕುವುದು. ನಮ್ಮ ಮನಸ್ಸು ಮೊದಲನೆಯದನ್ನು ತಾನಾಗಿ ಮಾಡುತ್ತದೆ. ಎರಡನೆಯದಕ್ಕೆ ಅದನ್ನು ಸ್ವಲ್ಪ ತಳ್ಳಬೇಕು.

ಹಾಸನ ಮತ್ತು ಕರ್ನಾಟಕ

ಒಂದು "ಆದರೆ" ಮಾತಿನಿಂದ, ಅಂದರೆ "ಹೀಗಾದರೆ ಹಾಗೆ" ಎಂಬ ಮಾತಿನಿಂದ, ಜನ ನಾಲ್ಕು ಬಗೆಯ ತೀರ್ಮಾನಕ್ಕೆ ಬರುತ್ತಾರೆ. ಎರಡು ಸರಿ, ಎರಡು ತಪ್ಪು. "ನೀವು ಹಾಸನದಲ್ಲಿದ್ದರೆ ಕರ್ನಾಟಕದಲ್ಲಿದ್ದೀರಿ" ಎಂಬ ಮಾತನ್ನು ತೆಗೆದುಕೊಳ್ಳಿ. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ.

ನೀವು ಹಾಸನದಲ್ಲಿದ್ದೀರಿ, ಹಾಗಾದರೆ ಕರ್ನಾಟಕದಲ್ಲಿದ್ದೀರಿ. ಸರಿ. ಷರತ್ತು ನಡೆದಿದೆ, ಫಲ ಬಂದಿದೆ.

ನೀವು ಕರ್ನಾಟಕದಲ್ಲಿಲ್ಲ, ಹಾಗಾದರೆ ಹಾಸನದಲ್ಲೂ ಇಲ್ಲ. ಇದೂ ಸರಿ. ಫಲ ಇಲ್ಲ ಅಂದಮೇಲೆ ಷರತ್ತು ನಡೆದಿರಲು ಸಾಧ್ಯವಿಲ್ಲ. 7ರ ಕಾರ್ಡು ತಿರುಗಿಸಬೇಕಾದದ್ದು ಇದೇ ಕಾರಣಕ್ಕೆ.

ನೀವು ಕರ್ನಾಟಕದಲ್ಲಿದ್ದೀರಿ, ಹಾಗಾದರೆ ಹಾಸನದಲ್ಲಿದ್ದೀರಿ. ತಪ್ಪು. ಬೀದರ್‌ನಲ್ಲಿರಬಹುದಲ್ವಾ? ಫಲವನ್ನು ನೋಡಿ ಷರತ್ತು ನಡೆದಿದೆ ಎಂದುಕೊಳ್ಳುವ ತಪ್ಪು ಇದು. ಒಗಟುಗಳಲ್ಲಿ ಅತಿ ಹೆಚ್ಚು ಜನ ಬೀಳುವ ಗುಂಡಿ.

ನೀವು ಹಾಸನದಲ್ಲಿಲ್ಲ, ಹಾಗಾದರೆ ಕರ್ನಾಟಕದಲ್ಲಿಲ್ಲ. ಇದೂ ತಪ್ಪು. ಷರತ್ತು ನಡೆದಿಲ್ಲ ಅಂತ ಫಲವೂ ಇಲ್ಲ ಎಂದುಕೊಳ್ಳುವ ತಪ್ಪು.

"ಆದರೆ" ಅನ್ನುವುದು ಒನ್‌ವೇ ರಸ್ತೆ. ಷರತ್ತಿನ ಕಡೆಯಿಂದ ಫಲದ ಕಡೆಗೆ ಹೋಗಬಹುದು. ಫಲದ ಕಡೆಯಿಂದ ಗಾಡಿ ನುಗ್ಗಿಸಿದರೆ ದಂಡ ಬೀಳುತ್ತದೆ.

ಹತ್ತನೇ ತರಗತಿಯ ಗಣಿತ ನೆನಪಿದೆಯಾ? ಪೈಥಾಗೊರಸ್ ಪ್ರಮೇಯ ಕಲಿಸಿ, ಅದರ ವಿಲೋಮವನ್ನು ಪ್ರತ್ಯೇಕವಾಗಿ ಮತ್ತೆ ಸಾಧಿಸಿ ತೋರಿಸುತ್ತಿದ್ದರು. ತ್ರಿಭುಜದಲ್ಲಿ ಲಂಬಕೋನ ಇದ್ದರೆ ಬಾಹುಗಳ ವರ್ಗಗಳ ಲೆಕ್ಕ ಹೀಗೆ ಅನ್ನುವುದು ಒಂದು. ಲೆಕ್ಕ ಹೀಗಿದ್ದರೆ ಲಂಬಕೋನ ಇದೆ ಅನ್ನುವುದು ಇನ್ನೊಂದು. "ಅದೇ ಇದಲ್ವಾ, ಮತ್ತೆ ಯಾಕೆ ಸಾಧಿಸಬೇಕು?" ಅಂತ ಬೆಂಚಿನಲ್ಲಿ ಕೂತು ಗೊಣಗಿದವರು ಬಹಳ. ಕಾರಣ ಇಷ್ಟೇ: ಮೊದಲನೆಯದು ನಿಜವಾದ ಮಾತ್ರಕ್ಕೆ ಎರಡನೆಯದು ಪುಕ್ಕಟೆ ಬರುವುದಿಲ್ಲ. ಪೈಥಾಗೊರಸ್‌ನಲ್ಲಿ ಎರಡೂ ನಿಜ, ಅದೃಷ್ಟ. "ಸಂಖ್ಯೆ 4ರಿಂದ ಭಾಗವಾದರೆ ಅದು ಸಮಸಂಖ್ಯೆ" ಎಂಬುದರ ವಿಲೋಮ ತೆಗೆದುಕೊಂಡರೆ 6 ಎದುರು ಬಂದು ನಿಲ್ಲುತ್ತದೆ.

ಹಾಸನದಲ್ಲಿ ಎಡವದವರು ಕಾರ್ಡಿನಲ್ಲಿ ಎಡವುವುದೇಕೆ?

ಹಾಸನದ ಉದಾಹರಣೆಯಲ್ಲಿ ಯಾರೂ ತಪ್ಪು ಮಾಡುವುದಿಲ್ಲ. ಕಾರ್ಡುಗಳಲ್ಲಿ ಮಾತ್ರ ಮಾಡುತ್ತೇವೆ. ತರ್ಕ ಎರಡರಲ್ಲೂ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿ? ಮನಶ್ಶಾಸ್ತ್ರಜ್ಞರು ಇದರ ಹಿಂದೆ ಬಿದ್ದು ಕೆಲವು ಕುತೂಹಲದ ಸಂಗತಿಗಳನ್ನು ಕಂಡುಕೊಂಡಿದ್ದಾರೆ.

ಒಂದು ಕಾರಣವನ್ನು ಹಿಡಿದವರು ಬ್ರಿಟನ್ನಿನ ಜೊನಾಥನ್ ಇವಾನ್ಸ್, 1970ರ ದಶಕದಲ್ಲಿ. ಜನ ತರ್ಕವನ್ನೇ ಮಾಡುತ್ತಿಲ್ಲ, ನಿಯಮದಲ್ಲಿ ಕಿವಿಗೆ ಬಿದ್ದ ಪದಗಳಿಗೆ ಹೊಂದುವ ಕಾರ್ಡನ್ನು ಆರಿಸುತ್ತಿದ್ದಾರೆ ಅಂದರು. "ಸ್ವರ" ಅಂತ ಕೇಳಿಸಿತು, ಅ ಎತ್ತಿಕೊಂಡರು. "ಸಮಸಂಖ್ಯೆ" ಅಂತ ಕೇಳಿಸಿತು, 4 ಎತ್ತಿಕೊಂಡರು. ಇದನ್ನು ಪರೀಕ್ಷಿಸಿದ ರೀತಿ ಚೆನ್ನಾಗಿದೆ. ನಿಯಮದೊಳಗೆ ಒಂದು "ಇಲ್ಲ" ಸೇರಿಸಿದರು. ನಮ್ಮ ಕಾರ್ಡುಗಳಲ್ಲಿ ಹೇಳುವುದಾದರೆ: "ಒಂದು ಮುಖದಲ್ಲಿ ಸ್ವರ ಇದ್ದರೆ ಇನ್ನೊಂದು ಮುಖದಲ್ಲಿ 4 ಇರುವುದಿಲ್ಲ." ಈಗ ನಿಯಮ ಮುರಿಯುವ ಕಾರ್ಡು ಸ್ವರವೂ 4 ಕೂಡ ಇರುವಂಥದ್ದು. ಅಂದರೆ ತಿರುಗಿಸಬೇಕಾದದ್ದು ಅ ಮತ್ತು 4. ಜನ ಎಂದಿನಂತೆ ಅದನ್ನೇ ಆರಿಸಿದರು, ಈ ಸಲ ಸರಿಯಾಯಿತು! "ಇಲ್ಲ" ಸೇರಿಸಿದರೆ ಪ್ರಶ್ನೆ ಕಷ್ಟವಾಗಬೇಕಿತ್ತು. ಆದರೆ ಸರಿ ಉತ್ತರ ಕೊಡುವವರೇ ಜಾಸ್ತಿಯಾದರು. ಪರೀಕ್ಷೆಯಲ್ಲಿ ಉತ್ತರ ಸರಿಯಾಗಿದೆ ಅಂದ ಮಾತ್ರಕ್ಕೆ ಯೋಚನೆ ಸರಿಯಿತ್ತು ಅಂತಲ್ಲ ಎನ್ನುವುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಸಿಗುವುದು ಕಷ್ಟ.

ಇನ್ನೊಂದು ಕಾರಣ ನಮ್ಮ ದಿನದ ಮಾತಿನಲ್ಲೇ ಇದೆ. "ಫಸ್ಟ್ ಕ್ಲಾಸ್ ಬಂದ್ರೆ ಸೈಕಲ್ ಕೊಡಿಸ್ತೀನಿ ಕಣೋ" ಅಂತ ಅಪ್ಪ ಹೇಳಿದರೆ ಮಗ ಏನು ಅರ್ಥ ಮಾಡಿಕೊಳ್ಳುತ್ತಾನೆ? ಬಾರದಿದ್ದರೆ ಸೈಕಲ್ ಇಲ್ಲ ಅಂತಲೇ. ಅಪ್ಪ ಆ ಮಾತು ಹೇಳಿಲ್ಲ. ಆದರೂ ಹೇಳಿದ್ದು ಅದೇ! ಫಸ್ಟ್ ಕ್ಲಾಸ್ ಬಂದರೂ ಬಾರದಿದ್ದರೂ ಕೊಡಿಸುವುದಾಗಿದ್ದರೆ ಆ ಷರತ್ತು ಹಾಕುವ ಅಗತ್ಯವೇ ಇರಲಿಲ್ಲ. 1971ರಲ್ಲಿ ಅಮೆರಿಕದ ಭಾಷಾವಿಜ್ಞಾನಿಗಳಾದ ಮೈಕೆಲ್ ಗೈಸ್ ಮತ್ತು ಆರ್ನಲ್ಡ್ ಜ್ವಿಕಿ ಇದನ್ನು ಬಿಡಿಸಿ ತೋರಿಸಿದರು. ಅವರ ಉದಾಹರಣೆಯಲ್ಲಿ ಸೈಕಲ್ ಬದಲು ಹುಲ್ಲು ಕತ್ತರಿಸಿದರೆ ಐದು ಡಾಲರ್ ಇತ್ತು. ಮಾತುಕತೆಯಲ್ಲಿ ನಾವು "ಆದರೆ" ಎಂಬುದನ್ನು "ಆದರೆ ಮಾತ್ರ" ಎಂದು ತುಂಬಿಸಿಕೊಂಡು ಕೇಳುತ್ತೇವೆ. ಮನೆಯಲ್ಲಿ ಇದು ಜಾಣತನ. ಒಗಟಿನಲ್ಲಿ ಇದೇ ಕೈಕೊಡುತ್ತದೆ, ಯಾಕೆಂದರೆ ಒಗಟು ಹೇಳಿದ್ದಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತದೆ.

ಮೂರನೆಯ ಸಂಗತಿ ಎಲ್ಲಕ್ಕಿಂತ ಸ್ವಾರಸ್ಯದ್ದು. 1982ರಲ್ಲಿ ರಿಚರ್ಡ್ ಗ್ರಿಗ್ಸ್ ಮತ್ತು ಜೇಮ್ಸ್ ಕಾಕ್ಸ್ ಅಮೆರಿಕದ ಫ್ಲಾರಿಡಾದಲ್ಲಿ ಇದೇ ಒಗಟಿಗೆ ಬೇರೆ ಬಟ್ಟೆ ತೊಡಿಸಿದರು. ನೀವು ಪೊಲೀಸ್ ಅಂದುಕೊಳ್ಳಿ. ನಿಯಮ: ಬಿಯರ್ ಕುಡಿಯುತ್ತಿದ್ದರೆ ವಯಸ್ಸು 19 ದಾಟಿರಬೇಕು. ನಾಲ್ಕು ಕಾರ್ಡುಗಳ ಮೇಲೆ: ಬಿಯರ್, ಕೋಕ್, 22 ವರ್ಷ, 16 ವರ್ಷ. ಯಾರನ್ನು ತಪಾಸಣೆ ಮಾಡುತ್ತೀರಿ? ಶೇ 70ಕ್ಕೂ ಹೆಚ್ಚು ಜನ ಸರಿಯಾಗಿ ಹೇಳಿಬಿಟ್ಟರು: ಬಿಯರ್ ಕುಡಿಯುವವನ ವಯಸ್ಸು ನೋಡಬೇಕು, 16ರ ಹುಡುಗನ ಲೋಟ ನೋಡಬೇಕು.

ನಮ್ಮ ಬಸ್ಸಿನಲ್ಲೂ ಇದನ್ನು ಆಡಿ ನೋಡಬಹುದು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಕರ್ನಾಟಕದ ಮಹಿಳೆಯರು ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ. ಚೆಕಿಂಗ್‌ನವರು ಬಸ್ ಹತ್ತಿದರು ಅಂದುಕೊಳ್ಳಿ. ನಿಯಮ: "ಶೂನ್ಯ ಟಿಕೆಟ್ ಇದ್ದರೆ ಕರ್ನಾಟಕದ ವಿಳಾಸ ಇರಬೇಕು." ನಾಲ್ಕು ಸೀಟಿನಲ್ಲಿ ನಾಲ್ಕು ಹೆಂಗಸರು. ಒಬ್ಬರ ಕೈಯಲ್ಲಿ ಶೂನ್ಯ ಟಿಕೆಟ್ ಕಾಣುತ್ತಿದೆ. ಇನ್ನೊಬ್ಬರ ಕೈಯಲ್ಲಿ ದುಡ್ಡು ಕೊಟ್ಟ ಟಿಕೆಟ್. ಮೂರನೆಯವರು ಮೈಸೂರು ವಿಳಾಸದ ಆಧಾರ್ ಹಿಡಿದಿದ್ದಾರೆ. ನಾಲ್ಕನೆಯವರ ಆಧಾರ್‌ನಲ್ಲಿ ಕೇರಳದ ಕಣ್ಣೂರಿನ ವಿಳಾಸ. ಯಾರನ್ನು ಕೇಳಬೇಕು?

ಶೂನ್ಯ ಟಿಕೆಟ್‌ನವರ ಆಧಾರ್, ಕಣ್ಣೂರಿನವರ ಟಿಕೆಟ್. ಮೈಸೂರಿನವರ ತಂಟೆಗೆ ಹೋಗುವ ಕಾರಣವೇ ಇಲ್ಲ, ಅವರು ಯಾವ ಟಿಕೆಟ್ ತೆಗೆದುಕೊಂಡಿದ್ದರೂ ನಿಯಮ ಮುರಿಯುವುದಿಲ್ಲ. ಕಾರ್ಡಿನ 4 ಇವರೇ. ಕಣ್ಣೂರಿನವರೇ 7.

ಯಾಕೆ ಹೀಗೆ ಸುಲಭವಾಗುತ್ತದೆ? ಇಲ್ಲಿ ಪಂಡಿತರಲ್ಲೇ ಜಗಳ ಇದೆ. "ಅನುಮತಿ ಬೇಕಾದರೆ ಅರ್ಹತೆ ಬೇಕು" ಎಂಬ ಮಾದರಿ ನಮ್ಮ ತಲೆಯಲ್ಲಿ ಮೊದಲೇ ಅಚ್ಚಾಗಿದೆ ಅಂದರು ಪೆಟ್ರೀಷಿಯಾ ಚೆಂಗ್ ಮತ್ತು ಕೀತ್ ಹೋಲಿಯೋಕ್, 1985ರಲ್ಲಿ. ಅಲ್ಲ, ಮೋಸ ಮಾಡುವವರನ್ನು ಹಿಡಿಯುವ ಬುದ್ಧಿ ಮನುಷ್ಯನಿಗೆ ವಿಕಾಸದಲ್ಲೇ ಬಂದಿದೆ ಅಂದರು ಲೀಡಾ ಕಾಸ್ಮಿಡಿಸ್, 1989ರಲ್ಲಿ. ವಾದ ಯಾವುದೇ ಗೆಲ್ಲಲಿ, ಒಗಟು ಬಿಡಿಸುವವರಿಗೆ ಒಂದು ಉಪಾಯ ಸಿಕ್ಕಿತು: ಒಣ ಅಕ್ಷರ ಅಂಕಿಗಳ ಪ್ರಶ್ನೆ ಬಂದರೆ ಅದನ್ನು ನಿಯಮ ಮುರಿದವರನ್ನು ಹಿಡಿಯುವ ಪ್ರಶ್ನೆಯಾಗಿ ಬದಲಾಯಿಸಿಕೊಳ್ಳಿ.

ಬೆಟ್ಟದ ಮೇಲಿನ ಹೊಗೆ

ಇದೆಲ್ಲ ಲಂಡನ್, ಫ್ಲಾರಿಡಾದ ಸರಕು ಅಂತ ಅನ್ನಿಸಬಹುದು. ಅಲ್ಲ. ಭಾರತದ ನ್ಯಾಯಶಾಸ್ತ್ರದವರು (ಇಲ್ಲಿ ನ್ಯಾಯ ಅಂದರೆ ಕೋರ್ಟಿನದಲ್ಲ, ತರ್ಕದ ದರ್ಶನ) ಶತಮಾನಗಳ ಕಾಲ ಅರೆದು ಕುಡಿದ ಪ್ರಶ್ನೆ ಇದು.

ಅವರ ಖಾಯಂ ಉದಾಹರಣೆ ಬೆಟ್ಟ. ದೂರದ ಬೆಟ್ಟದಲ್ಲಿ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಯಾವ ಧೈರ್ಯದಿಂದ ಹಾಗೆ ಹೇಳುತ್ತೀರಿ? "ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ" ಎಂಬ ನಿಯಮ ಇದೆ. ಇದಕ್ಕೆ ಅವರು ವ್ಯಾಪ್ತಿ ಅನ್ನುತ್ತಾರೆ. ಉದಾಹರಣೆ: ಅಡುಗೆಮನೆ. ಅಲ್ಲಿ ಎರಡೂ ಇವೆ. ಇಷ್ಟಕ್ಕೇ ಬಿಡುವುದಿಲ್ಲ, ತಿರುಗಿಸಿಯೂ ಹೇಳುತ್ತಾರೆ: ಎಲ್ಲಿ ಬೆಂಕಿ ಇಲ್ಲವೋ ಅಲ್ಲಿ ಹೊಗೆಯೂ ಇಲ್ಲ, ಕೆರೆಯ ಹಾಗೆ. ಗಮನಿಸಿ, "ಕರ್ನಾಟಕದಲ್ಲಿಲ್ಲದಿದ್ದರೆ ಹಾಸನದಲ್ಲೂ ಇಲ್ಲ" ಎಂಬ ಎರಡನೆಯ ಸರಿ ತಿರುವು ಇದೇ.

ಈಗ ತಪ್ಪು ತಿರುವಿಗೆ ಬನ್ನಿ. "ಬೆಟ್ಟದಲ್ಲಿ ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ" ಅಂದರೆ? ಮೇಲುನೋಟಕ್ಕೆ ಸರಿ ಅನ್ನಿಸುತ್ತದೆ. 17ನೇ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹ, ಇಂದಿಗೂ ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕದ ಮೊದಲ ಪಾಠವಾಗಿರುವ ಪುಸ್ತಕ, ಇದನ್ನು ತಪ್ಪಿನ ಉದಾಹರಣೆಯಾಗಿಯೇ ಕೊಡುತ್ತದೆ. ಯಾಕೆ ತಪ್ಪು? ಕಾಯಿಸಿದ ಕಬ್ಬಿಣದ ಗುಂಡನ್ನು ನೋಡಿ. ಕೆಂಪಗೆ ಉರಿಯುತ್ತಿದೆ, ಬೆಂಕಿ ಇದೆ, ಹೊಗೆ ಇಲ್ಲ. ಬೆಂಕಿಯಿಂದ ಹೊಗೆ ಬರಬೇಕಾದರೆ ಇನ್ನೊಂದು ವಸ್ತು ಬೇಕು, ಹಸಿ ಸೌದೆ. ಹೇಳದೆ ಬಿಟ್ಟ ಆ ಇನ್ನೊಂದು ಷರತ್ತಿಗೆ ಅವರು ಉಪಾಧಿ ಎಂಬ ಹೆಸರಿಟ್ಟರು.

ಇವರ ರೀತಿಯಲ್ಲಿ ನನಗೆ ಇಷ್ಟವಾಗುವುದು ಒಂದಿದೆ. ವೇಸನ್ ಮತ್ತು ಅವರ ನಂತರದವರು ಜನ ಎಲ್ಲಿ ತಪ್ಪುತ್ತಾರೆ ಅಂತ ಎಣಿಸಿದರು. ನ್ಯಾಯದವರು "ತಪ್ಪು" ಅಂತ ಹೇಳಿ ಸುಮ್ಮನಾಗದೆ, ಏನು ಸೇರಿಸಿದರೆ ಸರಿಯಾಗುತ್ತದೆ ಅಂತಲೂ ಕೇಳಿದರು. "ಬೆಂಕಿ ಇದ್ದು, ಸೌದೆ ಹಸಿಯಾಗಿದ್ದರೆ ಹೊಗೆ ಇರುತ್ತದೆ." ಈಗ ಸರಿಹೋಯಿತು. ಯಾರಾದರೂ ನಿಮ್ಮ ಮುಂದೆ ಒಂದು "ಆದರೆ" ಇಟ್ಟಾಗ ಕಾದ ಕಬ್ಬಿಣವನ್ನು ಹುಡುಕಿ: ಷರತ್ತು ಇದೆ, ಫಲ ಇಲ್ಲ, ಅಂಥದ್ದು ಒಂದು ಸಿಕ್ಕರೂ ಸಾಕು.

ತಪ್ಪು ತೀರ್ಮಾನ, ಒಳ್ಳೆಯ ಸುಳಿವು

ಮಳೆಗಾಲ ಬಂತೆಂದರೆ ಈ ಮಾತು ಮನೆಮನೆಯಲ್ಲಿ ಕೇಳುತ್ತದೆ: "ಡೆಂಗಿ ಬಂದರೆ ಪ್ಲೇಟ್‌ಲೆಟ್ ಇಳಿಯುತ್ತೆ. ನಮ್ಮ ಹುಡುಗನಿಗೆ ಇಳಿದಿದೆ. ಹಾಗಾದ್ರೆ ಡೆಂಗಿನೇ." ಫಲ ನೋಡಿ ಷರತ್ತಿಗೆ ಹಾರಿದ್ದು. ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಇಳಿಯಬಹುದು. ಇಲಿಜ್ವರದಲ್ಲೂ, ಬೇರೆ ವೈರಲ್ ಜ್ವರಗಳಲ್ಲೂ ಇಳಿಯಬಹುದು. ಆದ್ದರಿಂದಲೇ ವೈದ್ಯರು ಡೆಂಗಿಯದೇ ಬೇರೆ ರಕ್ತಪರೀಕ್ಷೆ ಬರೆಯುವುದು.

ಆದರೆ ಇದನ್ನು ಬರೀ ತಪ್ಪು ಅಂತ ಬದಿಗೆ ಸರಿಸುವಂತಿಲ್ಲ. ಪ್ಲೇಟ್‌ಲೆಟ್ ಇಳಿದಿರುವುದು ಡೆಂಗಿಯ ಅನುಮಾನವನ್ನು ಜಾಸ್ತಿ ಮಾಡುತ್ತದೆ. ಮೆಕ್ಯಾನಿಕ್ ಎಂಜಿನ್ ಸದ್ದು ಕೇಳಿ ದೋಷ ಊಹಿಸುವುದೂ, ಪತ್ತೇದಾರ ಹೆಜ್ಜೆಗುರುತು ನೋಡಿ ಕಳ್ಳನನ್ನು ಊಹಿಸುವುದೂ ಇದೇ ದಾರಿಯಲ್ಲಿ, ಫಲದಿಂದ ಕಾರಣದ ಕಡೆಗೆ. ಬದುಕಿನಲ್ಲಿ ಬಹುಪಾಲು ಯೋಚನೆ ಹೀಗೇ ನಡೆಯುವುದು. ಸುಳಿವನ್ನು ತೀರ್ಪು ಅಂದುಕೊಂಡಾಗ ಮಾತ್ರ ಅದು ತಪ್ಪಾಗುತ್ತದೆ. ಒಗಟಿನಲ್ಲಿ "ಖಂಡಿತವಾಗಿ ಹೇಳಬಹುದಾದದ್ದು ಯಾವುದು?" ಅಂತ ಕೇಳುತ್ತಾರೆ. ಅಲ್ಲಿ ಸುಳಿವಿಗೆ ಅಂಕ ಇಲ್ಲ.

ಇದೇ ಉದಾಹರಣೆಯನ್ನು ಇನ್ನೊಂದು ಕಡೆಯಿಂದ ನೋಡಿ. "ಪ್ಲೇಟ್‌ಲೆಟ್ ಇಳಿದಿಲ್ಲ, ಹಾಗಾದರೆ ಡೆಂಗಿ ಅಲ್ಲ." ತರ್ಕದ ರೂಪ ಸರಿಯಾಗಿದೆ, ಕೆರೆಯಲ್ಲಿ ಬೆಂಕಿ ಇಲ್ಲ, ಹೊಗೆಯೂ ಇಲ್ಲ ಅಂದ ಹಾಗೆ. ಆದರೂ ತೀರ್ಮಾನ ಅಪಾಯಕಾರಿ. ಯಾಕೆ? ಡೆಂಗಿಯ ಮೊದಲ ದಿನಗಳಲ್ಲಿ ಪ್ಲೇಟ್‌ಲೆಟ್ ಸರಿಯಾಗಿಯೇ ಇರಬಹುದು. ಅಂದರೆ ಕೈಕೊಟ್ಟದ್ದು ತರ್ಕವಲ್ಲ, ನಾವು ಹಿಡಿದುಕೊಂಡ ನಿಯಮ. ರೂಪ ಸರಿ ಇರುವುದು ಬೇರೆ, ಮಾತು ನಿಜವಾಗಿರುವುದು ಬೇರೆ.

ಹಸು ಮೊಟ್ಟೆ ಇಡುತ್ತದೆಯೇ?

ಪರೀಕ್ಷೆಯ ಪ್ರಶ್ನೆಗಳಲ್ಲಿ "ಆದರೆ" ಯಾವಾಗಲೂ ನೇರವಾಗಿ ಬರುವುದಿಲ್ಲ, ವೇಷ ಹಾಕಿಕೊಂಡು ಬರುತ್ತದೆ.

ಮೊದಲ ವೇಷ "ಎಲ್ಲಾ". "ಎಲ್ಲಾ ರಸಪುರಿಗಳು ಮಾವಿನಹಣ್ಣುಗಳು" ಅಂದರೆ "ರಸಪುರಿ ಆದರೆ ಮಾವು" ಎಂದೇ ಅರ್ಥ. ಈಗ ಇದನ್ನು ನೋಡಿ: ಎಲ್ಲಾ ರಸಪುರಿಗಳು ಮಾವಿನಹಣ್ಣುಗಳು. ಕೆಲವು ಮಾವಿನಹಣ್ಣುಗಳು ಹುಳಿ. ಆದ್ದರಿಂದ ಕೆಲವು ರಸಪುರಿಗಳು ಹುಳಿ. ಸರಿಯಾ? ಮಾರ್ಕೆಟ್ಟಿನ ಅನುಭವ "ಹೌದು, ಎಷ್ಟೋ ಸಲ ಹುಳಿ ಬಂದಿದೆ" ಅನ್ನುತ್ತದೆ. ತರ್ಕ "ಗೊತ್ತಿಲ್ಲ" ಅನ್ನುತ್ತದೆ. ಹುಳಿ ಇರುವ ಮಾವುಗಳೆಲ್ಲ ಬೇರೆ ತಳಿಯವೇ ಆಗಿರಬಹುದು.

ನಂಬಿಕೆ ಬರದಿದ್ದರೆ ಪದಗಳನ್ನಷ್ಟೇ ಬದಲಾಯಿಸಿ. ಎಲ್ಲಾ ಹಸುಗಳು ಪ್ರಾಣಿಗಳು. ಕೆಲವು ಪ್ರಾಣಿಗಳು ಮೊಟ್ಟೆ ಇಡುತ್ತವೆ. ಆದ್ದರಿಂದ ಕೆಲವು ಹಸುಗಳು ಮೊಟ್ಟೆ ಇಡುತ್ತವೆ! ಎಲುಬಿನ ಗೂಡು ಒಂದೇ. ರಸಪುರಿಯಲ್ಲಿ ಕಾಣದ ಬಿರುಕು ಹಸುವಿನಲ್ಲಿ ಎದ್ದು ಕಾಣುತ್ತದೆ. ತೀರ್ಮಾನ ನಾವು ನಂಬುವಂಥದ್ದಾಗಿದ್ದರೆ ಅಲ್ಲಿಗೆ ಹೇಗೆ ಬಂದೆವು ಅಂತ ನೋಡುವುದನ್ನೇ ಮನಸ್ಸು ಬಿಟ್ಟುಬಿಡುತ್ತದೆ. ಪ್ರಶ್ನೆ ತೆಗೆಯುವವರು "ಎಲ್ಲಾ ಪೆನ್ನುಗಳು ಬೆಕ್ಕುಗಳು" ಅಂತ ವಿಚಿತ್ರವಾಗಿ ಬರೆದಾಗ ನಕ್ಕುಬಿಡುತ್ತೇವೆ. ಆದರೆ ನೀವು ನಂಬಿಕೆಯನ್ನು ಬಿಟ್ಟು ರೂಪವನ್ನೇ ನೋಡಲಿ ಅಂತಲೇ ಹಾಗೆ ಬರೆಯುವುದು.

ಎರಡನೆಯ ವೇಷ "ಮಾತ್ರ". ಇದು ಸಣ್ಣ ಪದ, ರಸ್ತೆಯ ದಿಕ್ಕನ್ನೇ ತಿರುಗಿಸುತ್ತದೆ. "ಹಾಜರಾತಿ ಶೇ 75 ಇದ್ದರೆ ಮಾತ್ರ ಪರೀಕ್ಷೆಗೆ ಕೂರಬಹುದು." ಇದರಿಂದ ಖಚಿತವಾಗಿ ಗೊತ್ತಾಗುವುದು ಪರೀಕ್ಷೆಗೆ ಕೂತವರ ಹಾಜರಾತಿ ಶೇ 75 ಇದೆ ಅಂತ. ಹಾಜರಾತಿ ಇರುವವರೆಲ್ಲ ಕೂತೇ ಕೂರುತ್ತಾರೆ ಅಂತಲ್ಲ. ಫೀಸು ಕಟ್ಟಿಲ್ಲದಿರಬಹುದು, ಜ್ವರ ಬಂದು ಮಲಗಿರಬಹುದು. "ಇದ್ದರೆ" ಅಂತಷ್ಟೇ ಇದ್ದರೆ ಹಾಜರಾತಿಯೇ ಸಾಕು. "ಇದ್ದರೆ ಮಾತ್ರ" ಅಂದಾಗ ಹಾಜರಾತಿ ಬೇಕೇ ಬೇಕು, ಆದರೆ ಅದೊಂದೇ ಸಾಕಾಗದೆ ಹೋಗಬಹುದು.

"ಹೊರತು" ಕೂಡ ಇದೇ ಮನೆಯದು. "ಹಾಲ್ ಟಿಕೆಟ್ ತೋರಿಸದ ಹೊರತು ಒಳಗೆ ಬಿಡುವುದಿಲ್ಲ" ಅಂದರೆ ಒಳಗೆ ಬಿಟ್ಟವರೆಲ್ಲ ತೋರಿಸಿದ್ದಾರೆ. ತೋರಿಸಿದವರನ್ನೆಲ್ಲ ಬಿಟ್ಟಿದ್ದಾರೆ ಅಂತಲ್ಲ. ಗೇಟು ಮುಚ್ಚಿದ ಮೇಲೆ ಓಡಿ ಬಂದವರು ಹಾಲ್ ಟಿಕೆಟ್ ಹಿಡಿದುಕೊಂಡೇ ಹೊರಗೆ ನಿಂತಿರುತ್ತಾರೆ.

ಅತ್ತೆಗೆ ಮೀಸೆ ಬಂದರೆ

ಒಂದು ವಿಚಿತ್ರ ಬಾಕಿ ಇದೆ. ಷರತ್ತು ನಡೆಯಲೇ ಇಲ್ಲ ಅಂದರೆ ಆ ಮಾತು ನಿಜವೋ ಸುಳ್ಳೋ? "ಅತ್ತೆಗೆ ಮೀಸೆ ಬಂದರೆ ಮಾವ ಅನ್ನಬಹುದು" ಅನ್ನುತ್ತೇವೆ. ಮೀಸೆ ಬರುವುದಿಲ್ಲ. ಮಾತು ಮುರಿಯುವ ಸಂದರ್ಭವೇ ಬರುವುದಿಲ್ಲ. ಮುರಿಯದ ಮಾತನ್ನು ತರ್ಕಶಾಸ್ತ್ರ "ನಿಜ" ಎಂಬ ಡಬ್ಬಿಗೇ ಹಾಕುತ್ತದೆ. "ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೆ ನಿನ್ನ ಸಾಲ ತೀರಿಸ್ತೀನಿ" ಅಂದವನನ್ನು ಮಾತಿಗೆ ತಪ್ಪಿದ ಅಂತ ಯಾರೂ ಹಿಡಿಯಲಾರರು. ಜಿಪುಣ ಅನ್ನಬಹುದು, ಸುಳ್ಳುಗಾರ ಅನ್ನುವಂತಿಲ್ಲ.

ಇದು ಬರೀ ಕೂದಲು ಸೀಳುವ ಕೆಲಸ ಅಂತ ತೋರಬಹುದು. ಆದರೆ ಒಂದು ಹಳೆಯ ಬಗೆಯ ಒಗಟು ಪೂರ್ತಿ ಇದರ ಮೇಲೇ ನಿಂತಿದೆ. ಒಂದು ದ್ವೀಪ. ಅಲ್ಲಿ ಎರಡೇ ಜಾತಿ ಜನ: ಯಾವಾಗಲೂ ನಿಜ ಹೇಳುವವರು, ಯಾವಾಗಲೂ ಸುಳ್ಳು ಹೇಳುವವರು. ರಾಮಣ್ಣ, ಭೀಮಣ್ಣ ಎದುರಾಗುತ್ತಾರೆ. ರಾಮಣ್ಣ ಹೇಳುತ್ತಾನೆ: "ನಾನು ನಿಜ ಹೇಳುವವನಾದರೆ ಭೀಮಣ್ಣನೂ ನಿಜ ಹೇಳುವವನು." ಯಾರು ಯಾರು?

ಏನೂ ಗೊತ್ತಾಗುವುದಿಲ್ಲ ಅನ್ನಿಸುತ್ತದೆ. ಹೆಜ್ಜೆ ಹೆಜ್ಜೆಯಾಗಿ ಹೋಗೋಣ. ರಾಮಣ್ಣ ಸುಳ್ಳುಗಾರ ಅಂದುಕೊಳ್ಳಿ. ಆಗ ಅವನ ಮಾತಿನ ಷರತ್ತು, ಅಂದರೆ "ನಾನು ನಿಜ ಹೇಳುವವನಾದರೆ", ನಡೆದಿಲ್ಲ. ಷರತ್ತು ನಡೆಯದಿದ್ದರೆ ಇಡೀ ಮಾತು ನಿಜದ ಡಬ್ಬಿಗೆ ಬೀಳುತ್ತದೆ, ಅತ್ತೆಯ ಮೀಸೆಯ ಹಾಗೆ. ಅಂದರೆ ಸುಳ್ಳುಗಾರ ನಿಜ ಹೇಳಿದಂತಾಯಿತು. ಅದು ಆ ದ್ವೀಪದಲ್ಲಿ ನಡೆಯುವುದಿಲ್ಲ. ಆದ್ದರಿಂದ ರಾಮಣ್ಣ ನಿಜ ಹೇಳುವವನೇ. ಹಾಗಾದರೆ ಅವನ ಮಾತೂ ನಿಜ, ಷರತ್ತೂ ನಡೆದಿದೆ, ಫಲವೂ ಬರಲೇಬೇಕು. ಭೀಮಣ್ಣನೂ ನಿಜ ಹೇಳುವವನು.

ಇಲ್ಲೊಂದು ತಮಾಷೆ ಇದೆ. ಭೀಮಣ್ಣನ ಜಾಗದಲ್ಲಿ ಏನು ಬೇಕಾದರೂ ಇಡಿ. "ನಾನು ನಿಜ ಹೇಳುವವನಾದರೆ ಈ ದ್ವೀಪದಲ್ಲಿ ಚಿನ್ನ ಹೂತಿದೆ" ಅಂತ ಒಬ್ಬ ಹೇಳಿದ ಅನ್ನಿ. ಮೇಲಿನ ಲೆಕ್ಕವನ್ನೇ ಹಾಕಿದರೆ ಚಿನ್ನ ಇದೆ ಅಂತ ಸಾಧಿಸಿದಂತಾಗುತ್ತದೆ! ಬರೀ ಬಾಯಿಮಾತಿನಿಂದ ಚಿನ್ನ ಹುಟ್ಟಿತೇ? ಅಮೆರಿಕದ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ 1942ರಲ್ಲಿ ವಿವರಿಸಿದ ವಿರೋಧಾಭಾಸ ಇದರ ಹತ್ತಿರದ ಸಂಬಂಧಿ. ಅದರಲ್ಲಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಒಂದು "ಆದರೆ" ವಾಕ್ಯದಿಂದ ಏನನ್ನು ಬೇಕಾದರೂ ಸಾಧಿಸಿಬಿಡಬಹುದು.

ದ್ವೀಪದ ಒಗಟಿಗೆ ಮಾತ್ರ ಸರಳ ಉತ್ತರ ಇದೆ. ಚಿನ್ನ ಹುಟ್ಟಿದ್ದು ಮಾತಿನಿಂದಲ್ಲ, ಒಗಟಿನ ಕಟ್ಟಳೆಯಿಂದ. ಪ್ರತಿಯೊಬ್ಬನೂ ಸದಾ ನಿಜ ಇಲ್ಲವೇ ಸದಾ ಸುಳ್ಳು ಹೇಳುತ್ತಾನೆ ಅಂತ ನಾವು ಮೊದಲೇ ಒಪ್ಪಿಕೊಂಡಿದ್ದೆವು. ಚಿನ್ನ ಇಲ್ಲದ ದ್ವೀಪದಲ್ಲಿ ಆ ವಾಕ್ಯವನ್ನು ನಿಜ ಹೇಳುವವನು ಆಡಲಾರ, ಯಾಕೆಂದರೆ ಅವನ ಬಾಯಲ್ಲಿ ಅದು ಸುಳ್ಳಾಗುತ್ತದೆ. ಸುಳ್ಳುಗಾರನೂ ಆಡಲಾರ, ಅವನ ಬಾಯಲ್ಲಿ ಅದು ನಿಜವಾಗುತ್ತದೆ. ನಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಅದೇ ಮಾತನ್ನು ಯಾರು ಬೇಕಾದರೂ ಆಡಬಹುದು, ಅಲ್ಲಿ ಅದರಿಂದ ಏನೂ ಸಿದ್ಧವಾಗುವುದಿಲ್ಲ.